ಎಪ್ಪತ್ತು ರೂಪಾಯಿಗೆ ಮನೆಬಾಗಿಲಿಗೆ ಬಂದ ‘ಲೈಫ್’

ನವೆಂಬರ್ ಹುಟ್ಟಿತೆಂದರೆ ನನ್ನ ಡಿಟಿಪಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಪದ ಓಡಾಡುತ್ತದೆ. ‘ಲೈಫ್ ಇದೆಯೇನಮ್ಮ?’ ‘ನನಗೆ ಎರಡು ಲೈಫ್ ಕೊಡಿ.’ ‘ನಮ್ಮ ಯಜಮಾನರ ಲೈಫ್ ಮುಗಿದಿದೆ, ಹೊಸದು ಮಾಡಿಸಬೇಕು.’ ಹಾಸನದ ಪೆನ್ಷನ್ ಮೊಹಲ್ಲಾದಿಂದ ಹತ್ತು ನಿಮಿಷ ನಡೆದರೆ ನನ್ನ ಅಂಗಡಿ. ಅರ್ಜಿ ಟೈಪ್ ಮಾಡುವುದು, ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಪತ್ರಿಕೆ, ತಿಥಿ ಕಾರ್ಡು, ಎಲ್ಲ ಇಲ್ಲಿಯೇ. ಆ ಒಂದು ತಿಂಗಳು ಮಾತ್ರ ಇಲ್ಲಿ ಲೈಫ್ ಎಂದರೆ ಲೈಫ್ ಸರ್ಟಿಫಿಕೇಟ್. ಪಿಂಚಣಿ ಪಡೆಯುವವರು ತಾವು ಇನ್ನೂ ಇದ್ದೇವೆ ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಿಳಿಸುವ ಕಾಗದ.

ಈ ಸಲ ನಮ್ಮ ಅವ್ವನ ಲೈಫ್ ಸರ್ಟಿಫಿಕೇಟನ್ನು ಅಂಚೆಯವರಿಂದ ಮನೆಯಲ್ಲೇ ಮಾಡಿಸಿದೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2020ರಿಂದ ಕೊಡುತ್ತಿರುವ ಸೇವೆ ಇದು. ಅಂಚೆಯಣ್ಣ ಮೊಬೈಲ್ ಹಿಡಿದು ಮನೆಗೆ ಬರುತ್ತಾರೆ, ಬೆರಳಚ್ಚನ್ನೋ ಮುಖವನ್ನೋ ಆಧಾರ್ ಜೊತೆ ತಾಳೆ ನೋಡುತ್ತಾರೆ, ಪ್ರಮಾಣಪತ್ರ ಪಿಂಚಣಿ ಕೊಡುವ ಕಚೇರಿಗೆ ನೇರವಾಗಿ ಹೋಗುತ್ತದೆ. ಶುಲ್ಕ 70 ರೂಪಾಯಿ. ನನ್ನ ಅಂಗಡಿಗೆ ಬರುವ ಹಿರಿಯರಲ್ಲಿ ಹತ್ತಕ್ಕೆ ಎಂಟು ಜನರಿಗೆ ಇದು ಗೊತ್ತಿಲ್ಲ. ಗೊತ್ತಾಗಲಿ ಎಂದು ಈ ವಿಮರ್ಶೆ. ಜೊತೆಗೆ ಹದಿನೆಂಟು ವರ್ಷದಿಂದ ಟೈಪ್ ಮಾಡುತ್ತಾ ಬಂದ ಆ ಪದದ ಬಗ್ಗೆ ಮನಸ್ಸಿನಲ್ಲಿ ಉಳಿದುಹೋಗಿದ್ದ ಕೆಲವು ಮಾತುಗಳನ್ನೂ ಹೇಳುವುದಿದೆ. ಎರಡೂ ಒಂದೇ ಮಧ್ಯಾಹ್ನ, ನಮ್ಮ ಮನೆಯ ಜಗಲಿಯ ಮೇಲೆ ಕೂಡಿಕೊಂಡವು.

ನಮ್ಮ ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅವ್ವನಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಅವ್ವನಿಗೆ ಈಗ ಎಪ್ಪತ್ತೊಂಬತ್ತು. ಮೊದಮೊದಲು ನವೆಂಬರ್ ಬಂದರೆ ನಾನೇ ಆಟೋ ಮಾಡಿಕೊಂಡು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ವರ್ಷ ಹೀಗಾಯಿತು. ನವೆಂಬರ್ ಎರಡನೇ ವಾರವೇ ಫಾರಂ ತುಂಬಿ ಕೊಟ್ಟಿದ್ದೆವು. ಸ್ವೀಕೃತಿ ಕೇಳಿದರೆ ‘ಬೇಕಾಗಿಲ್ಲ, ಹೋಗಿ’ ಎಂದಿದ್ದರು. ಡಿಸೆಂಬರ್ ಪಿಂಚಣಿ ಬರಲಿಲ್ಲ. ಹೋಗಿ ವಿಚಾರಿಸಿದಾಗ ಕೌಂಟರಿನವರು ಕಂಪ್ಯೂಟರ್ ನೋಡಿ, ತಲೆ ಎತ್ತದೆ, ‘ನಿಮ್ಮ ಲೈಫ್ ಬಂದಿಲ್ಲ’ ಎಂದರು. ಅವ್ವ ಅವರ ಎದುರಿಗೇ ಗಾಜಿನ ಕಿಂಡಿಗೆ ಕೈ ಊರಿಕೊಂಡು ನಿಂತಿದ್ದಳು. ಎರಡು ತಿಂಗಳು ಓಡಾಡಿದ ಮೇಲೆ ಬಾಕಿ ಸಮೇತ ಹಣ ಬಂತು, ಅದು ಬೇರೆ ಮಾತು. ಆದರೆ ಅವತ್ತು ಮೆಟ್ಟಿಲಿಳಿಯುವಾಗ ಅವ್ವ, ‘ಅವರು ಏನು ಬಂದಿಲ್ಲ ಎಂದರು?’ ಎಂದು ಕೇಳಿದಳು. ‘ಒಂದು ಕಾಗದ ಅವ್ವ’ ಎಂದೆ. ಲೈಫ್ ಎಂದರೆ ಏನು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಆ ಪದವನ್ನು ಟೈಪ್ ಮಾಡುವಾಗಲೆಲ್ಲ ಒಂದು ಕ್ಷಣ ಕೈ ನಿಲ್ಲುತ್ತದೆ. ಲೈಫ್ ಸರ್ಟಿಫಿಕೇಟಿಗೆ ಕನ್ನಡದಲ್ಲಿ ನಾನೇ ನಾಲ್ಕು ಬಗೆಯ ತಲೆಬರಹ ಹಾಕಿಕೊಟ್ಟಿದ್ದೇನೆ. ಒಬ್ಬರು ‘ಜೀವನ ಪ್ರಮಾಣ ಪತ್ರ’ ಎಂದು ಬರೆದುಕೊಂಡು ಬರುತ್ತಾರೆ. ಇನ್ನೊಬ್ಬರದು ‘ಜೀವಂತ ಪ್ರಮಾಣ ಪತ್ರ’. ಮತ್ತೊಬ್ಬರಿಗೆ ‘ಜೀವಿತ ಪ್ರಮಾಣಪತ್ರ’ವೇ ಆಗಬೇಕು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ‘ಬದುಕಿರುವ ಬಗ್ಗೆ ದೃಢೀಕರಣ’ ಎಂದು ಸ್ವಂತ ಕೈಬರಹದಲ್ಲಿ ಬರೆದು ತಂದಿದ್ದರು. ನಾಲ್ಕರಲ್ಲಿ ನನಗೆ ಒಪ್ಪಿಗೆಯಾದದ್ದು ಮೇಷ್ಟ್ರದು. ಕನ್ನಡದಲ್ಲಿ ಜೀವನ ಎಂದರೆ ನಾವು ನಡೆಸುವಂಥದ್ದು; ಜೀವನ ಸಾಗಿಸುತ್ತೇವೆ, ಜೀವನ ಕಟ್ಟಿಕೊಳ್ಳುತ್ತೇವೆ. ಮೈಯೊಳಗೆ ಮಿಡಿಯುವುದು ಜೀವ. ಜೀವ ಹೋಗುತ್ತದೆ, ಬರುತ್ತದೆ, ಬಾಯಿಗೆ ಬರುತ್ತದೆ, ಕೈಯಲ್ಲಿ ಹಿಡಿದುಕೊಂಡು ಕೂರುವುದೂ ಉಂಟು. ಸರ್ಕಾರ ಕೇಳುತ್ತಿರುವುದು ಜೀವ ಇದೆಯೇ ಎಂದು. ಜೀವನ ಹೇಗಿದೆ ಎಂದು ಅಲ್ಲ. ಇನ್ನು ‘ಪ್ರಮಾಣ’ ಎಂಬುದು ಹಿಂದಿಯಲ್ಲಿ ಪುರಾವೆ ಇರಬಹುದು. ನಮ್ಮ ಕಿವಿಗೆ ಅದು ಆಣೆ, ಇಲ್ಲವೇ ಅಳತೆ. ಅವ್ವನಿಗೆ ‘ಜೀವನ ಪ್ರಮಾಣ’ ಎಂದು ಓದಿ ಹೇಳಿದಾಗ ಅವಳು ಕೇಳಿದ್ದು, ‘ಎಷ್ಟು ಪ್ರಮಾಣ ಎಂದು ಯಾರು ಅಳೆದಿದ್ದಾರೆ?’

ಇದರಲ್ಲಿ ಒಂದು ವಿಷಯ ನನ್ನನ್ನು ಬಹಳ ಸಲ ಯೋಚನೆಗೆ ಹಚ್ಚಿದೆ. 1956ರಲ್ಲಿ ಎಲ್‌ಐಸಿ ಆರಂಭವಾಯಿತು. ಅದು ಹಿಂದಿಯಲ್ಲಿ ‘ಜೀವನ್ ಬೀಮಾ’. ಕನ್ನಡದಲ್ಲಿ ‘ಜೀವ ವಿಮಾ ನಿಗಮ’. ಆ ಕನ್ನಡದ ಹೆಸರನ್ನು ಯಾರು ಇಟ್ಟರೋ ಅವರ ಕಿವಿ ಚೆನ್ನಾಗಿತ್ತು. ಹಿಂದಿಯ ‘ನ್’ ಅಕ್ಷರವನ್ನು ಬಿಟ್ಟು, ವಿಮೆ ಮಾಡುವುದು ಜೀವಕ್ಕೆ ಎಂದು ಸರಿಯಾಗಿ ಹಿಡಿದರು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಪ್ರಮಾಣಪತ್ರ ಶುರು ಮಾಡಿದಾಗ ‘ಜೀವನ್ ಪ್ರಮಾಣ್’ ಎಂಬ ಹೆಸರು ಹಾಗೆ ಹಾಗೆಯೇ ನಮ್ಮ ಮನೆಗೂ ಬಂತು. ಸೇವೆ ಒಳ್ಳೆಯದು. ಹೆಸರನ್ನು ಕನ್ನಡಕ್ಕೆ ತರುವಾಗ ಇನ್ನೊಂದು ದಿನ ಕೂತು ಯೋಚಿಸಬಹುದಿತ್ತು.

ಈಗ ಸೇವೆಗೆ ಬರುತ್ತೇನೆ.

ಹೇಳಿಕೊಳ್ಳುವುದು ಸುಲಭ. ದಿನವೂ ಬೀದಿಗೆ ಬರುವ ಅಂಚೆಯಣ್ಣನಿಗೆ ಹೇಳಿದರೆ ಸಾಕು. ಹತ್ತಿರದ ಅಂಚೆ ಕಚೇರಿಗೆ ಹೋಗಿ ಹೇಳಬಹುದು. ಅಂಚೆ ಇಲಾಖೆಯ ಆಪ್‌ನಲ್ಲೂ ಕೋರಿಕೆ ಹಾಕಬಹುದು. ನಾನು ಅಂಗಡಿಗೆ ಟಪಾಲು ತಂದುಕೊಟ್ಟ ಅಂಚೆಯಣ್ಣನಿಗೇ ಹೇಳಿದೆ. ‘ಆಧಾರ್, ಪಿಪಿಒ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್, ಇಷ್ಟು ತೆಗೆದಿಟ್ಟುಕೊಳ್ಳಿ ಅಕ್ಕ. ಬುಧವಾರ ಮೂರು ಗಂಟೆಗೆ ಬರುತ್ತೇನೆ’ ಎಂದರು. ಪಿಪಿಒ ಎಂದರೆ ಪಿಂಚಣಿ ಪಾವತಿ ಆದೇಶ. ಹಾಸನಾಂಬೆಯ ಗುಡಿಯ ಬಾಗಿಲು ಮುಚ್ಚಿ, ಊರಿನ ಜನಜಂಗುಳಿ ಇಳಿದು, ಬಸ್‌ಗಳಲ್ಲಿ ಮತ್ತೆ ಸೀಟು ಸಿಗಲು ಶುರುವಾಗಿದ್ದ ದಿನಗಳು. ಅವರು ಬುಧವಾರ ಮೂರು ಗಂಟೆಗೇ ಬಂದರು. ವಯಸ್ಸು ಇಪ್ಪತ್ತೆಂಟೋ ಮೂವತ್ತೋ. ಚಪ್ಪಲಿ ಕೆಳಗೆ ಬಿಟ್ಟು, ಜಗಲಿಯ ಮೇಲೆ ಅವ್ವನ ಪಕ್ಕದಲ್ಲಿ ಕೂತರು. ಕುರ್ಚಿ ಹಾಕಿದ್ದೆ, ಬೇಡವೆಂದರು.

‘ಅಜ್ಜಿ, ಬೆರಳು ಕೊಡಿ.’

ಅವ್ವ ಬಲಗೈ ತೋರುಬೆರಳನ್ನು ಆ ಪುಟ್ಟ ಯಂತ್ರದ ಗಾಜಿನ ಮೇಲಿಟ್ಟಳು. ಕೆಂಪು ದೀಪ ಹೊತ್ತಿತು, ಆರಿತು. ತಾಳೆಯಾಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಡಿಸಿದರು. ಆಗಲಿಲ್ಲ. ನಡುಬೆರಳು, ಉಂಗುರಬೆರಳು, ಎಡಗೈ ಹೆಬ್ಬೆರಳು. ಒಂದೊಂದು ಬೆರಳಿಗೂ ಯಂತ್ರ ಅದೇ ಉತ್ತರ ಕೊಟ್ಟಿತು. ಅವರು ಅವ್ವನ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ನಲವತ್ತೊಂಬತ್ತು ವರ್ಷದಿಂದ ನೋಡುತ್ತಿರುವ ಕೈ ಅದು, ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ಹೊಳೆಯಲ್ಲಿ ಬಹಳ ವರ್ಷ ಉರುಳಿದ ಕಲ್ಲಿನಂತೆ ನುಣ್ಣಗಾಗಿದೆ. ಉಗುರಿನ ಬುಡದಲ್ಲಿ ಸಣ್ಣ ಸಣ್ಣ ಸೀಳು, ಆ ಸೀಳುಗಳೊಳಗೆ ತೆಂಗಿನ ನಾರಿನ ಕಂದು ಬಣ್ಣ ಇನ್ನೂ ಕೂತಿದೆ. ಅರಸೀಕೆರೆಯ ಹತ್ತಿರದ ನಮ್ಮ ಊರಿನಲ್ಲಿ ಅವಳು ಗರಿ ಹೆಣೆದಿದ್ದಾಳೆ, ಕೊಬ್ಬರಿ ಸುಲಿದಿದ್ದಾಳೆ, ಬೂದಿಯಲ್ಲಿ ಪಾತ್ರೆ ತಿಕ್ಕಿದ್ದಾಳೆ, ಮೂವರು ಮಕ್ಕಳನ್ನು ಬೆಳೆಸಿದ್ದಾಳೆ.

‘ಬದುಕು ಮಾಡಿ ಮಾಡಿ ಸವೆದುಹೋಗಿದೆಯಪ್ಪ’ ಎಂದಳು ಅವ್ವ.

ಬದುಕು ಮಾಡಿ ಮಾಡಿ. ನಮ್ಮ ಕಡೆ ಮನೆಗೆಲಸಕ್ಕೂ ಬದುಕು ಎನ್ನುತ್ತಾರೆ. ಹೊಲ, ದನ, ಮನೆಯ ಸಾಮಾನು ಸೇರಿಸಿ ‘ಅವರದು ದೊಡ್ಡ ಬದುಕು’ ಎನ್ನುವುದೂ ಉಂಟು. ಲೈಫ್ ಎಂಬ ಇಂಗ್ಲಿಷ್ ಪದ ಎಷ್ಟೇ ಕಡೆ ಹೋಗಲಿ, ಪಾತ್ರೆ ತಿಕ್ಕುವ ಕೆಲಸದ ಹತ್ತಿರ ಮಾತ್ರ ಬರುವುದಿಲ್ಲ. ನಮ್ಮ ಬದುಕು ಅಲ್ಲಿಂದಲೇ ಶುರುವಾಗುತ್ತದೆ.

ಲೈಫ್ ಹೋಗುವ ಜಾಗಗಳಾದರೂ ಕಡಿಮೆಯೇ? ಅಂಗಡಿಯಲ್ಲಿ ಒಂದು ವಾರ ಕೂತರೆ ಎಲ್ಲವೂ ಬರುತ್ತವೆ. ಸಂಘದ ರಸೀದಿಯಲ್ಲಿ ಲೈಫ್ ಮೆಂಬರ್ ಎಂದಿದ್ದರೆ ಕನ್ನಡದಲ್ಲಿ ಆಜೀವ ಸದಸ್ಯ. ಸಾಹಿತ್ಯ ಪರಿಷತ್ತಿನಿಂದ ಹಿಡಿದು ಬೀದಿಯ ಕ್ಷೇಮಾಭಿವೃದ್ಧಿ ಸಂಘದವರೆಗೆ ಈ ಪದ ನೆಲೆಯಾಗಿದೆ. ವಕೀಲರ ಗುಮಾಸ್ತರು ತರುವ ಕಾಗದದಲ್ಲಿ ಅದು ಜೀವಾವಧಿ ಶಿಕ್ಷೆ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ಊರೆಲ್ಲ ನಂಬಿದೆ. ಹಾಗಲ್ಲ, ಉಸಿರಿರುವವರೆಗೆ ಎಂದೇ ಅದರ ಅರ್ಥ, ಸರ್ಕಾರ ಶಿಕ್ಷೆ ಕಡಿಮೆ ಮಾಡಿದರೆ ಮಾತ್ರ ಬಿಡುಗಡೆ ಎಂದು ಅವರೇ ನನಗೆ ಬಿಡಿಸಿ ಹೇಳಿದರು. ಆ ಕನ್ನಡ ಪದ ನಿಜವನ್ನೇ ಹೇಳುತ್ತಿದೆ, ನಾವು ಗಮನಿಸಿರಲಿಲ್ಲ. ಹಳೆಯ ಕಾರು ಮಾರುವವರ ಜಾಹೀರಾತಿನಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದೆ ಎಂದಿದ್ದರೆ ಅಲ್ಲಿ ಲೈಫ್ ಗಾಡಿಯದು, ಮಾಲೀಕರದಲ್ಲ. ಕಾಲೇಜು ಹುಡುಗರ ಪ್ರಾಜೆಕ್ಟಿನಲ್ಲಿ ಹಾಫ್ ಲೈಫ್ ಬರುತ್ತದೆ: ಇಂಗಾಲ-14ರ ಪರಮಾಣುಗಳಲ್ಲಿ ಅರ್ಧದಷ್ಟು ಕರಗಿಹೋಗಲು 5,730 ವರ್ಷ. ಅದಕ್ಕೆ ಅರ್ಧಾಯುಷ್ಯ ಎಂದು ಟೈಪ್ ಮಾಡುವಾಗ ನನಗೆ ಒಂದು ಬಗೆಯ ಗೌರವ ಹುಟ್ಟುತ್ತದೆ. ಆಯುಷ್ಯ ಎಂಬುದು ಮನುಷ್ಯರಿಗೆ ಹರಸುವ ಪದ. ಅದನ್ನು ಕಣ್ಣಿಗೆ ಕಾಣದ ಒಂದು ಕಣಕ್ಕೂ ಕೊಟ್ಟಿದ್ದೇವೆ. ನಂದಿನಿಯ ಕೆಡದ ಹಾಲಿನ ಪ್ಯಾಕೆಟ್ಟಿನ ಹೆಸರೇ ಗುಡ್‌ಲೈಫ್.

ಪಕ್ಕದ ಮೊಬೈಲ್ ರಿಪೇರಿಯವರಿಗೆ ನಾನು ಬೋರ್ಡು ಮಾಡಿಕೊಟ್ಟೆ. ‘ಬ್ಯಾಟರಿ ಲೈಫ್ ಹೆಚ್ಚಿಸಲಾಗುವುದು’ ಎಂದು ಹಾಕಿ ಎಂದರು. ‘ಬ್ಯಾಟರಿ ಬಾಳಿಕೆ’ ಎಂದು ಹಾಕಿದೆ. ಅವರು ಓದಿ, ಇದೇ ಚೆನ್ನಾಗಿದೆ ಎಂದರು. ಬಾಳಿಕೆ ಎಂಬುದು ನಮ್ಮಲ್ಲಿ ವಸ್ತುಗಳ ಲೈಫು. ಸೀರೆ ಬಾಳಿಕೆ ಬರುತ್ತದೆ, ಕೊಡೆ ಬಾಳಿಕೆ ಬರುತ್ತದೆ. ಮನುಷ್ಯರು ಬಾಳುತ್ತಾರೆ, ಬಾಳಿಕೆ ಬರುವುದಿಲ್ಲ. ಇಂಗ್ಲಿಷಿನ ಲೈಫ್ ಪದದ ಹಳೆಯ ಬೇರಿಗೆ ‘ಉಳಿ, ಅಂಟಿಕೊಂಡಿರು’ ಎಂಬ ಅರ್ಥವಿತ್ತೆಂದು ಪದಗಳ ಮೂಲ ಹುಡುಕುವವರು ಹೇಳುತ್ತಾರೆ. ಹಾಗಾದರೆ ಅವರ ಲೈಫ್ ಮೊದಲಿಗೆ ನಮ್ಮ ಬಾಳಿಕೆಗೇ ಹತ್ತಿರ: ಸವೆಯದೆ ಉಳಿದದ್ದು.

ಬಾಳು ಎಂದಾಗ ಇನ್ನೊಂದು ಮಾತು. ರಾಜ್ಯೋತ್ಸವದ ಕರಪತ್ರಕ್ಕೆಂದು ನಾನು ಪ್ರತಿವರ್ಷ ಹಲ್ಮಿಡಿ ಶಾಸನದ ಚಿತ್ರ ಹಾಕುತ್ತೇನೆ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳುವ ಕನ್ನಡ ಶಾಸನ. ಅದರಲ್ಲಿ ‘ಬಾಳ್ಗೞ್ಚು’ ಎಂಬ ಮಾತಿದೆ. ಬಾಳನ್ನು ತೊಳೆಯುವುದು ಎಂದು ಮೊದಲ ಸಲ ಓದಿದಾಗ ನಾನು ಬದುಕನ್ನೇ ತೊಳೆಯುವುದು ಎಂದುಕೊಂಡಿದ್ದೆ. ಅಲ್ಲಿಯ ಬಾಳ್ ಕತ್ತಿ. ಹೋರಾಡಿ ಗೆದ್ದವನ ಕತ್ತಿ ತೊಳೆದು ಕೊಟ್ಟ ದತ್ತಿ ಅದು. ಬದುಕುವ ಬಾಳಿಗೆ ಹಳಗನ್ನಡದಲ್ಲಿ ಬೇರೆಯದೇ ಅಕ್ಷರವಿತ್ತು, ಈಗ ಬಳಕೆ ತಪ್ಪಿರುವ ೞಕಾರ: ಬಾೞ್. ಆ ಅಕ್ಷರ ಹೋದ ಮೇಲೆ ಕತ್ತಿಯೂ ಬದುಕೂ ಬರವಣಿಗೆಯಲ್ಲಿ ಒಂದೇ ಆದವು. ನನ್ನ ನುಡಿ ತಂತ್ರಾಂಶದಲ್ಲಿ ಆ ಅಕ್ಷರವನ್ನು ಹುಡುಕಿ ತೆಗೆದು ಕೂರಿಸಿದ ದಿನ ನನಗೆ ಹಬ್ಬದಷ್ಟು ಸಂತೋಷವಾಗಿತ್ತು.

ಜಗಲಿಯ ಮೇಲೆ ಅಂಚೆಯಣ್ಣ ಬೇಸರಿಸಿಕೊಳ್ಳಲಿಲ್ಲ. ‘ಹೊಲದ ಕೆಲಸ ಮಾಡಿದವರಿಗೆಲ್ಲ ಹೀಗೆಯೇ ಅಜ್ಜಿ. ಮುಖ ತೋರಿಸಿದರೂ ಆಗುತ್ತದೆ’ ಎಂದು ಬೆರಳಿನ ಯಂತ್ರವನ್ನು ಚೀಲಕ್ಕೆ ಹಾಕಿ ಮೊಬೈಲ್ ಎತ್ತಿಕೊಂಡರು. ಮೊದಲು ವಿವರ ತುಂಬಬೇಕಿತ್ತು. ಪಿಪಿಒ ಸಂಖ್ಯೆಯನ್ನು ಒಂದೊಂದೇ ಅಂಕಿ ಜೋರಾಗಿ ಓದಿ, ಮತ್ತೆ ಹಿಂದಿನಿಂದ ಓದಿ ತಾಳೆ ನೋಡಿದರು. ಇದು ಮುಖ್ಯ. ಈ ಸಂಖ್ಯೆಯೋ ಖಾತೆ ಸಂಖ್ಯೆಯೋ ತಪ್ಪಾದರೆ ಪ್ರಮಾಣಪತ್ರ ತಯಾರಾದರೂ ಪಿಂಚಣಿ ಕೊಡುವ ಕಚೇರಿ ಅದನ್ನು ತಿರಸ್ಕರಿಸಬಹುದು. ಆಮೇಲೆ ಒಂದು ಪ್ರಶ್ನೆಯ ಹತ್ತಿರ ಅವರು ಸ್ವಲ್ಪ ತಡೆದರು. ಕುಟುಂಬ ಪಿಂಚಣಿಯವರು ಮರುಮದುವೆ ಆಗಿದ್ದಾರೆಯೇ ಎಂದು ತುಂಬಬೇಕು. ‘ಅಜ್ಜಿ, ಇದನ್ನು ಎಲ್ಲರಿಗೂ ಕೇಳಲೇಬೇಕು, ತಪ್ಪು ತಿಳಿಯಬೇಡಿ’ ಎಂದು ಮೊದಲು ಹೇಳಿ, ಧ್ವನಿ ತಗ್ಗಿಸಿ ಕೇಳಿದರು. ಅವ್ವ ಗೋಡೆಯ ಮೇಲಿದ್ದ ಅಪ್ಪನ ಫೋಟೊ ನೋಡಿದಳು. ‘ಇಲ್ಲ ಎಂದು ಬರೆದುಕೋ. ಒಂದು ಬಾಳು, ಒಬ್ಬರ ಜೊತೆ ಕಳೆಯಿತು’ ಎಂದಳು. ಅವರು ತಲೆಯಾಡಿಸಿ, ಪರದೆಯ ಮೇಲೆ ‘ಇಲ್ಲ’ ಎಂಬುದನ್ನು ಒತ್ತಿದರು.

ನಾನು ಟೈಪ್ ಮಾಡುವ ಯಾವ ಅರ್ಜಿಯಲ್ಲೂ ಅವಳ ಆ ಉತ್ತರಕ್ಕೆ ಜಾಗವಿಲ್ಲ.

ಮುಖದ ದೃಢೀಕರಣ 2021ರ ನವೆಂಬರಿನಿಂದ ಬಂದಿದೆ. ಅದನ್ನು ಸ್ವಂತ ಮೊಬೈಲಿನಲ್ಲಿ ಉಚಿತವಾಗಿಯೂ ಮಾಡಿಕೊಳ್ಳಬಹುದು. ಎರಡು ಆಪ್ ಹಾಕಿಕೊಳ್ಳಬೇಕು. ಹಿಂದಿನ ರಾತ್ರಿ ನಾನು ಅದನ್ನೇ ಪ್ರಯತ್ನಿಸಿದ್ದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವ್ವನ ಕನ್ನಡಕ ಹೊಳೆಯುತ್ತಿತ್ತು, ಅವಳು ಮೊಬೈಲಿನ ಬದಲು ನನ್ನ ಮುಖವನ್ನೇ ನೋಡುತ್ತಿದ್ದಳು, ನನಗೆ ಸಿಟ್ಟು ಬರುತ್ತಿತ್ತು. ಅರ್ಧ ಗಂಟೆ ಗುದ್ದಾಡಿ ಬಿಟ್ಟೆ. ಅಂಚೆಯಣ್ಣ ಮಾಡಿದ್ದು ಬೇರೆ. ಅವ್ವನನ್ನು ಬೆಳಕು ಬರುವ ಕಡೆಗೆ ತಿರುಗಿ ಕೂರಿಸಿದರು. ಕನ್ನಡಕ ತೆಗೆಸಿದರು. ತಲೆಯ ಮೇಲಿನ ಸೆರಗನ್ನು ಸ್ವಲ್ಪ ಹಿಂದೆ ಸರಿಸಿಕೊಳ್ಳಲು ಹೇಳಿದರು. ‘ಈಗ ಇಲ್ಲಿ ನೋಡಿ ಅಜ್ಜಿ, ಒಂದು ಸಲ ಕಣ್ಣು ಮಿಟುಕಿಸಿ.’

ಅವ್ವ ಮಿಟುಕಿಸಿದಳು. ಮುಖದ ಸುತ್ತಲಿನ ವೃತ್ತ ಹಸಿರಾಯಿತು.

ಕಣ್ಣನ್ನು ಏಕೆ ಮಿಟುಕಿಸಬೇಕು ಎಂದು ಅವ್ವ ಕೇಳಿದಳು. ‘ಫೋಟೊ ಹಿಡಿದು ಮೋಸ ಮಾಡಬಾರದಲ್ಲ ಅಜ್ಜಿ. ಫೋಟೊ ಕಣ್ಣು ಮಿಟುಕಿಸುವುದಿಲ್ಲ. ಎದುರಿಗೆ ಇರುವುದು ಲೈವ್ ಎಂದು ಗೊತ್ತಾಗಬೇಕು’ ಎಂದರು. ಲೈವ್! ಕ್ರಿಕೆಟ್ಟಿಗೆ ಬಂದರೆ ನಾವು ನೇರ ಪ್ರಸಾರ ಎನ್ನುತ್ತೇವೆ. ತಂತಿಗೆ ಬಂದರೆ ಕರೆಂಟು ಹರಿಯುತ್ತಿದೆ, ಮುಟ್ಟಬೇಡ ಎನ್ನುತ್ತೇವೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಅಂಚೆಯಣ್ಣ ಹೇಳಿದ ಲೈವ್‌ಗೆ ನನಗೆ ತಕ್ಷಣ ಕನ್ನಡ ಹೊಳೆಯಲಿಲ್ಲ. ಅವ್ವನಿಗೆ ಹೊಳೆಯಿತು. ‘ರೆಪ್ಪೆ ಬಡಿಯುವುದು ಜೀವಕ್ಕೆ ಮಾತ್ರ, ಅಲ್ಲವೇ. ದೇವರಿಗೂ ಇಲ್ಲ’ ಎಂದಳು. ದೇವತೆಗಳಿಗೆ ಅನಿಮಿಷರು ಎನ್ನುವುದು ಇದಕ್ಕೇ, ಅವರು ರೆಪ್ಪೆ ಬಡಿಯುವುದಿಲ್ಲವೆಂದು. ಹತ್ತು ದಿನದ ಹಿಂದೆ ಹಾಸನಾಂಬೆಯ ದರ್ಶನಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ವರ್ಷಕ್ಕೊಮ್ಮೆ ತೆರೆಯುವ ಆ ಗರ್ಭಗುಡಿಯಲ್ಲಿ ಹಿಂದಿನ ವರ್ಷ ಹಚ್ಚಿದ ದೀಪ ಆರುವುದಿಲ್ಲ, ಇಟ್ಟ ಹೂವು ಬಾಡುವುದಿಲ್ಲ ಎಂದು ನಮ್ಮ ಊರಿನವರು ನಂಬುತ್ತೇವೆ. ಅವ್ವ ಅಲ್ಲಿಯೂ ದೇವಿಯ ಕಣ್ಣನ್ನೇ ನೋಡುತ್ತಾ ನಿಂತಿದ್ದಳು. ಹಿಂದಿನವರು ತಳ್ಳಿದ ಮೇಲೆಯೇ ಮುಂದೆ ಸರಿದದ್ದು.

ಮೊಬೈಲಿಗೆ ಸಂದೇಶ ಬಂತು. ಅದರಲ್ಲಿ ಪ್ರಮಾಣ್ ಐಡಿ ಎಂಬ ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿಗೆ ಕಾಗದ ಒಯ್ಯುವ ಅಗತ್ಯವಿಲ್ಲ. ಮರುದಿನ ಜೀವನ್ ಪ್ರಮಾಣ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಪ್ರತಿಯನ್ನು ಇಳಿಸಿಕೊಂಡೆ, ಲ್ಯಾಮಿನೇಷನ್ ಮಾಡಿ ಅವ್ವನ ಟ್ರಂಕಿನಲ್ಲಿಟ್ಟೆ. ಡಿಸೆಂಬರ್ ಪಿಂಚಣಿ ತಡೆಯಿಲ್ಲದೆ ಬಂತು. ಬಾಗಿಲಿಗೆ ಬಂದಾಗಿನಿಂದ ಕೆಲಸ ಮುಗಿಯುವವರೆಗೆ ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಬೆರಳಿಗೇ ಹೋಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ನವೆಂಬರ್ ಬಂದರೆ ಫೋನಿನಲ್ಲಿ ಕರೆ ಮಾಡಿ, ನಿಮ್ಮ ಲೈಫ್ ಸರ್ಟಿಫಿಕೇಟ್ ಇಲ್ಲಿಂದಲೇ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎನ್ನುವವರಿದ್ದಾರೆ. ಮುಖವನ್ನೋ ಬೆರಳನ್ನೋ ನೋಡದೆ ಈ ಪ್ರಮಾಣಪತ್ರ ಆಗುವುದಿಲ್ಲ. ಫೋನಿನಲ್ಲಿ ಕೇಳಿದರೆ ಒಟಿಪಿಯನ್ನು, ಪಿಪಿಒ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಹಾಗೆಯೇ, ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರಿನೊಳಗೆ ಕೊಡಬೇಕು. ಇಪಿಎಫ್ (ನೌಕರರ ಭವಿಷ್ಯ ನಿಧಿ) ಪಿಂಚಣಿಯವರು ವರ್ಷದಲ್ಲಿ ಯಾವಾಗ ಕೊಟ್ಟರೂ ಅಂದಿನಿಂದ ಒಂದು ವರ್ಷ ನಡೆಯುತ್ತದೆ. ಅವರು ನವೆಂಬರಿನ ನೂಕುನುಗ್ಗಲಿಗೆ ಬರಬೇಕಾಗಿಲ್ಲ.

ಮನೆಯಲ್ಲಿ ಮೊಬೈಲ್ ಬಲ್ಲ ಮೊಮ್ಮಕ್ಕಳಿದ್ದು, ತಾಳ್ಮೆಯೂ ಇದ್ದರೆ ಉಚಿತದ ದಾರಿಯೇ ಸಾಕು. ಹಾಸಿಗೆ ಹಿಡಿದವರಿಗೆ, ಬೆರಳು ಸವೆದವರಿಗೆ, ಮಕ್ಕಳು ಬೆಂಗಳೂರಿನಲ್ಲಿದ್ದು ಒಬ್ಬರೇ ಇರುವವರಿಗೆ ಈ 70 ರೂಪಾಯಿಯ ಸೇವೆಯನ್ನು ಮನಸಾರೆ ಹೇಳುತ್ತೇನೆ. ಅಂಕ ಕೊಡಿ ಎಂದರೆ ಐದಕ್ಕೆ ಐದು. ಯಂತ್ರಕ್ಕೆ ಬೇಕಾಗಿದ್ದದ್ದು ಜೀವ ಇದೆಯೇ ಎಂಬ ಒಂದೇ ಉತ್ತರ. ಅದನ್ನು ಕೇಳಲು ಬಂದವರು ಅವ್ವನ ಕೈ ಹಿಡಿದು ನೋಡಿದರು, ಅವಳ ಮಾತು ಮುಗಿಯುವವರೆಗೆ ಕಾದರು, ಕಾಫಿ ಕುಡಿದು ಲೋಟವನ್ನು ತಾವೇ ಒಳಗಿಟ್ಟು ಹೋದರು.

ಅಪ್ಪ ಒಂದು ಮಾತು ಹೇಳುತ್ತಿದ್ದರು. ರೈಲು ಹಳಿಯ ಲೈಫನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲವಂತೆ; ಅದರ ಮೇಲೆ ಒಟ್ಟು ಎಷ್ಟು ಟನ್ ತೂಕ ಹಾದುಹೋಗಿದೆ ಎಂದು ಲೆಕ್ಕ ಇಟ್ಟು, ಅದು ತುಂಬಿದ ಮೇಲೆ ಹಳಿ ಬದಲಿಸುತ್ತಾರೆ. ಗ್ಯಾಂಗಿನವರು ಸುತ್ತಿಗೆ ಹಿಡಿದು ನಡೆದು ನಡೆದು ಕಾಯುತ್ತಿದ್ದದ್ದು ಆ ಬಾಳಿಕೆಯನ್ನು. ಅಂಚೆಯಣ್ಣ ಅವ್ವನ ಬೆರಳನ್ನು ಬೆಳಕಿಗೆ ಹಿಡಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಅವ್ವ ದಿನದ ಖರ್ಚು ಬರೆಯುವ ಪುಸ್ತಕ ಇಟ್ಟಿದ್ದಾಳೆ. ಮೂರನೇ ತರಗತಿಯವರೆಗೆ ಓದಿದವಳು, ಅಕ್ಷರ ದೊಡ್ಡದೊಡ್ಡದು. ಆ ಬುಧವಾರದ ಸಾಲಿನಲ್ಲಿ ಹಾಲು, ಸೊಪ್ಪು, ಮಾತ್ರೆ ಆದಮೇಲೆ ಹೀಗಿದೆ: ‘ಅಂಚೆಯವರಿಗೆ 70. ಬದುಕಿದ್ದೇನೆ ಎಂದು.’

ಬರುವ ಆಗಸ್ಟಿಗೆ ಅವಳಿಗೆ ಎಂಬತ್ತು ತುಂಬುತ್ತದೆ. ಎಂಬತ್ತಾದವರು ನವೆಂಬರಿನವರೆಗೆ ಕಾಯದೆ ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು ಎಂದು ತಿಳಿಸಿದೆ. ಅವ್ವ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದಳು, ಡಿಸೆಂಬರಿಗೇ ಮುಗಿದಿತ್ತು. ಹೊಸ ಕ್ಯಾಲೆಂಡರ್ ತಂದ ದಿನವೇ ಆ ತಾರೀಖಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಕೊಡು ಎಂದಿದ್ದಾಳೆ.